ನಗರಚಿತ್ರಗಳ ಮುದ್ರಣ: ಪ್ರತಿಗಳಿಗೆ ಮಿತಿ ಏಕೆ?

ಒಂದನ್ನು ಅನೇಕವಾಗಿ ಮಾಡುವುದೇ ಮುದ್ರಣಕಲೆಯ ಮುಖ್ಯ ಗುಣ. ಒಮ್ಮೆ ಅಚ್ಚು ಸಿದ್ಧವಾದರೆ ನೂರು ಪ್ರತಿಗಳನ್ನೂ ತೆಗೆಯಬಹುದು, ಹತ್ತು ಸಾವಿರವನ್ನೂ ತೆಗೆಯಬಹುದು. ಪ್ರತಿಗಳು ಹೆಚ್ಚಿದಷ್ಟೂ ಒಂದೊಂದರ ಬೆಲೆ ಇಳಿಯುವುದು; ಓದುವವರ ಸಂಖ್ಯೆ ಬೆಳೆಯುವುದು. ಆದರೆ ಚಿತ್ರಶಾಲೆಗಳಲ್ಲಿ ಇದಕ್ಕೆ ವಿರುದ್ಧವಾದ ಒಂದು ಪದ್ಧತಿಯನ್ನು ನಾವು ಕಾಣುತ್ತೇವೆ. ಹಳೆಯ ಸೇತುವೆ, ಅರಮನೆ, ದೇವಮಂದಿರ ಮೊದಲಾದ ಕಟ್ಟಡಗಳ ಮುದ್ರಿತ ಚಿತ್ರವೊಂದರ ಕೆಳಗೆ ಸೀಸದಕಡ್ಡಿಯಿಂದ 7/50 ಎಂದು ಬರೆದಿರುತ್ತದೆ. ಐವತ್ತು ಪ್ರತಿಗಳನ್ನು ಮಾತ್ರ ತೆಗೆಯಲಾಗಿದೆ, ಅವುಗಳಲ್ಲಿ ಇದು ಏಳನೆಯ ಸಂಖ್ಯೆಯದು ಎಂದು ಇದರ ಅರ್ಥ. ಇಂಥವಕ್ಕೆ ಮಿತಪ್ರತಿ ಮುದ್ರಣಗಳೆಂದು ಹೆಸರು.

ಸಾವಿರ ಪ್ರತಿಗಳನ್ನು ತೆಗೆಯಬಲ್ಲವನು ಐವತ್ತಕ್ಕೆ ಏಕೆ ನಿಲ್ಲಬೇಕು? ಬೆಲೆ ಏರಿಸುವ ವ್ಯಾಪಾರದ ಉಪಾಯವಷ್ಟೇ ಇದು ಎಂದು ಕೆಲವರಿಗೆ ತೋರಬಹುದು. ಅದು ಪೂರ್ಣ ಉತ್ತರವಲ್ಲ. ಈ ಮಿತಿಯನ್ನು ಮೊದಲು ವಿಧಿಸಿದವನು ವ್ಯಾಪಾರಿಯಲ್ಲ, ಚಿತ್ರಕಾರನೂ ಅಲ್ಲ, ತಾಮ್ರವೆಂಬ ಲೋಹ. ತಾಮ್ರದ ಮಿತಿಯನ್ನು ವಿಜ್ಞಾನವು ದಾಟಿದ ಮೇಲೆ ಮನುಷ್ಯನು ತನ್ನ ಮಾತಿನಿಂದ ಮಿತಿಯನ್ನು ಕಟ್ಟಿಕೊಳ್ಳಬೇಕಾಯಿತು. ಇದು ಹೇಗೆ ನಡೆಯಿತೆಂಬುದನ್ನು ಪ್ಯಾರಿಸ್, ಕಲ್ಕತ್ತ ಮತ್ತು ವೆನಿಸ್ ಎಂಬ ಮೂರು ನಗರಗಳ ಚಿತ್ರಗಳ ಮೂಲಕ ವಿಚಾರಿಸೋಣ.

ತಗಡು ಮತ್ತು ಆಮ್ಲ

ಹಳೆಯ ನಗರಚಿತ್ರಗಳಲ್ಲಿ ಬಹುಭಾಗವು ಎಚಿಂಗ್ ಎಂಬ ಕ್ರಮದಿಂದ ಆದವು. ನುಣುಪಾದ ತಾಮ್ರದ ತಗಡಿನ ಮೇಲೆ ಮೇಣ, ರಾಳ ಮತ್ತು ಡಾಂಬರಿನ ಜಾತಿಯ ಪದಾರ್ಥಗಳನ್ನು ಬೆರೆಸಿದ ತೆಳುವಾದ ಲೇಪವನ್ನು ಹಚ್ಚುವರು. ಚಿತ್ರಕಾರನು ಉಕ್ಕಿನ ಸೂಜಿಯಿಂದ ಈ ಲೇಪವನ್ನು ಗೀರಿ ಚಿತ್ರವನ್ನು ಬರೆಯುವನು. ಸೂಜಿ ಹೋದೆಡೆಯಲ್ಲೆಲ್ಲ ಕೆಂಪು ತಾಮ್ರವು ಹೊರಗೆ ಕಾಣಿಸುವುದು. ಬಳಿಕ ತಗಡನ್ನು ದುರ್ಬಲವಾದ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸಿದರೆ, ತೆರೆದ ಗೆರೆಗಳಲ್ಲಿ ಮಾತ್ರ ಆಮ್ಲವು ತಾಮ್ರವನ್ನು ತಿನ್ನುವುದು. ತಾಮ್ರದ ನೈಟ್ರೇಟು ಕರಗಿ ದ್ರಾವಣವು ನೀಲಿಯಾಗುವುದು. ಗೆರೆಗಳ ಮೇಲೆ ನೈಟ್ರಿಕ್ ಆಕ್ಸೈಡಿನ ಗುಳ್ಳೆಗಳು ಏಳುವುವು. ಗುಳ್ಳೆ ಕುಳಿತ ಕಡೆ ಆಮ್ಲವು ತಾಗದಿರುವುದರಿಂದ ಕೆಲಸಗಾರನು ಹಕ್ಕಿಯ ಗರಿಯಿಂದ ಅವನ್ನು ಮೆಲ್ಲನೆ ಸರಿಸುತ್ತಿರುವನು.

ಗೆರೆಯ ಆಳವು ಆಮ್ಲದಲ್ಲಿರುವ ಕಾಲವನ್ನು ಅವಲಂಬಿಸಿದೆ. ಆಕಾಶದ ನಸುಗೆರೆಗಳು ಬೇಕಾದಷ್ಟು ಆಳವಾದೊಡನೆ ತಗಡನ್ನು ಹೊರತೆಗೆದು ಆ ಭಾಗಕ್ಕೆ ಮೆರುಗೆಣ್ಣೆ ಬಳಿದು ಮುಚ್ಚುವರು. ಉಳಿದುದನ್ನು ಮತ್ತೆ ಆಮ್ಲಕ್ಕೆ ಇಳಿಸುವರು. ಹೀಗೆ ಹಂತಹಂತವಾಗಿ ದೂರದ ಗೋಪುರಗಳು ತಿಳಿಯಾಗಿಯೂ ಹತ್ತಿರದ ಕಂಬಗಳು ಗಾಢವಾಗಿಯೂ ಬರುತ್ತವೆ. 18ನೆಯ ಶತಮಾನದಲ್ಲಿ ರೋಮ್ ನಗರದ ದೃಶ್ಯಗಳನ್ನು 135 ದೊಡ್ಡ ತಗಡುಗಳಲ್ಲಿ ಮೂಡಿಸಿದ ಪಿರನೇಸಿ (1720–1778) ಈ ವಿದ್ಯೆಯಲ್ಲಿ ಅಸಾಧಾರಣನಾಗಿದ್ದನು. ಅವನ ಭಗ್ನ ಕಮಾನುಗಳ ಕೆಳಗಿನ ಕತ್ತಲೆಯು ಆಮ್ಲಕ್ಕೆ ಕೊಟ್ಟ ಕಾಲದ ಫಲವೇ ಆಗಿದೆ.

ಮುದ್ರಿಸುವಾಗ ತಗಡಿಗೆಲ್ಲ ಮಸಿಯನ್ನು ತುಂಬಿ, ಮೇಲ್ಮೈಯನ್ನು ಅರಿವೆಯಿಂದಲೂ ಅಂಗೈಯಿಂದಲೂ ಒರಸುವರು. ಮಸಿಯು ಗೆರೆಗಳ ಆಳದಲ್ಲಿ ಮಾತ್ರ ಉಳಿಯುವುದು. ಅದರ ಮೇಲೆ ಒದ್ದೆಮಾಡಿದ ಕಾಗದವನ್ನಿಟ್ಟು, ಉಣ್ಣೆಯ ಕಂಬಳಿ ಹೊದಿಸಿ, ಎರಡು ಉಕ್ಕಿನ ಉರುಳೆಗಳ ನಡುವೆ ಹಾಯಿಸುವರು. ಉರುಳೆಯು ತಗಡನ್ನು ಕಿರಿದಾದ ಪಟ್ಟಿಯೊಂದರಲ್ಲಿ ಮಾತ್ರ ಒತ್ತುವುದರಿಂದ, ಬಲವು ಅಲ್ಪ ವಿಸ್ತಾರದಲ್ಲಿ ಕೇಂದ್ರೀಕೃತವಾಗಿ ಒತ್ತಡವು ಬಹಳ ಹೆಚ್ಚುತ್ತದೆ. ನೀರಿನಿಂದ ಮೃದುವಾದ ಕಾಗದದ ನಾರು ಗೆರೆಯೊಳಕ್ಕೆ ನುಗ್ಗಿ ಮಸಿಯನ್ನು ಎತ್ತಿಕೊಳ್ಳುವುದು. ಆದುದರಿಂದಲೇ ಇಂಥ ಮುದ್ರಣದಲ್ಲಿ ಕಪ್ಪು ಗೆರೆಯು ಕಾಗದದಿಂದ ಸ್ವಲ್ಪ ಎದ್ದುನಿಂತಿರುವುದು; ಚಿತ್ರದ ಸುತ್ತಲೂ ತಗಡಿನ ಅಂಚು ಒತ್ತಿದ ಹಳ್ಳವೂ ಕಾಣುವುದು.

ಪ್ಯಾರಿಸಿನ ಸಾಕ್ಷಿ

ಈ ಕ್ರಮದಿಂದ ಒಂದು ನಗರದ ಮರೆಯಾಗುತ್ತಿದ್ದ ರೂಪವನ್ನು ಹಿಡಿದವನು ಷಾರ್ಲ್ ಮೆರಿಯಾನ್ (1821–1868). ಫ್ರೆಂಚ್ ನೌಕಾದಳದಲ್ಲಿ ಅಧಿಕಾರಿಯಾಗಿದ್ದ ಈತನಿಗೆ ಚಿತ್ರಕಲೆಯಲ್ಲಿ ಆಸಕ್ತಿ ಹುಟ್ಟಿತು. ಆದರೆ ಅವನಿಗೆ ವರ್ಣಾಂಧತೆಯಿತ್ತು. ನಮ್ಮ ಕಣ್ಣಿನ ಅಕ್ಷಿಪಟದಲ್ಲಿ ಮೂರು ಬಗೆಯ ಶಂಕುಕೋಶಗಳಿದ್ದು, ಬೆಳಕಿನ ಬೇರೆಬೇರೆ ತರಂಗಾಂತರಗಳಿಗೆ ಅವು ಸ್ಪಂದಿಸುತ್ತವೆ. ಅವುಗಳಲ್ಲಿ ಒಂದು ಬಗೆಯಲ್ಲಿ ಕೊರತೆಯಾದರೆ ಕೆಂಪು ಹಸುರುಗಳಂಥ ಬಣ್ಣಗಳ ಭೇದವು ತಿಳಿಯದು. ಬೆಳಕು ನೆರಳುಗಳ ತಾರತಮ್ಯವು ಮಾತ್ರ ಚೆನ್ನಾಗಿಯೇ ತಿಳಿಯುತ್ತದೆ. ಬಣ್ಣದ ಚಿತ್ರಗಳನ್ನು ಬಿಟ್ಟು ಮೆರಿಯಾನನು ಕಪ್ಪು ಬಿಳುಪಿನ ಎಚಿಂಗಿಗೆ ಬಂದನು.

1850ರಿಂದ 1854ರವರೆಗೆ ಅವನು ಪ್ಯಾರಿಸಿನ ಸೇತುವೆಗಳು, ಗೋಪುರಗಳು, ಹಳೆಯ ಬೀದಿಗಳನ್ನು ಕುರಿತ ಚಿತ್ರಮಾಲೆಯನ್ನು ರಚಿಸಿದನು. ಆ ಕಾಲದಲ್ಲೇ, 1853ರಲ್ಲಿ, ಒಸ್ಮಾನನು ನಗರದ ಆಡಳಿತಾಧಿಕಾರಿಯಾಗಿ ಬಂದು, ಮೂರನೆಯ ನೆಪೋಲಿಯನನ ಆಜ್ಞೆಯಂತೆ ಇಕ್ಕಟ್ಟಾದ ಹಳೆಯ ಕೇರಿಗಳನ್ನು ಒಡೆಸಿ ಅಗಲವಾದ ರಾಜಮಾರ್ಗಗಳನ್ನು ನಿರ್ಮಿಸತೊಡಗಿದನು. ಮೆರಿಯಾನನ ತಗಡುಗಳಲ್ಲಿರುವ ಕಟ್ಟಡಗಳಲ್ಲಿ ಹಲವು ಇಂದು ಇಲ್ಲ.

ಇಂಥ ಚಿತ್ರವು ಸಾಕ್ಷ್ಯವಾಗುವ ಬಗೆಗೆ ಒಂದು ಉದಾಹರಣೆಯನ್ನು ನೋಡಬಹುದು. ನೋತ್ರ್ ದಾಮ್ ಮಹಾಮಂದಿರವನ್ನು ಹಿಂಬದಿಯಿಂದ ತೋರಿಸುವ ಅವನ 1854ರ ಚಿತ್ರದಲ್ಲಿ ಛಾವಣಿಯ ನಡುವಣ ಚೂಪು ಶಿಖರವಿಲ್ಲ. ಅದು ಚಿತ್ರಕಾರನ ಮರೆವಲ್ಲ. ಮಧ್ಯಯುಗದ ಶಿಖರವನ್ನು 18ನೆಯ ಶತಮಾನದ ಕೊನೆಯಲ್ಲಿ ಇಳಿಸಿದ್ದರು. ವಿಯೊಲೆ ಲ ದ್ಯುಕ್ ಎಂಬ ಶಿಲ್ಪಿಯ ಹೊಸ ಶಿಖರವು ಎದ್ದುದು 1859ರಲ್ಲಿ. ಆ ಶಿಖರವೇ 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಕುಸಿದು ಬಿದ್ದಿತು; ಮರಳಿ ಕಟ್ಟಿದ ಮಂದಿರವು 2024ರ ಡಿಸೆಂಬರಿನಲ್ಲಿ ತೆರೆಯಿತು. ಎರಡು ಶಿಖರಗಳ ನಡುವಣ ಕಾಲದ ಮಂದಿರವು ಮೆರಿಯಾನನ ಕಾಗದದ ಮೇಲೆ ಉಳಿದಿದೆ.

ಆದರೆ ಸಾಕ್ಷಿಯನ್ನೂ ಪರೀಕ್ಷಿಸಬೇಕಾಗುತ್ತದೆ. ‘ಪೆತಿ ಪೊಂ’ ಎಂಬ ಸೇತುವೆಯ ಚಿತ್ರದಲ್ಲಿ ಅವನು ಸೇತುವೆಯನ್ನು ನದಿಯ ಮಟ್ಟದಿಂದಲೂ, ಹಿಂದಿನ ನೋತ್ರ್ ದಾಮ್ ಗೋಪುರಗಳನ್ನು ಎತ್ತರದ ದಡದ ಮೇಲಿನಿಂದಲೂ ನೋಡಿ ಎರಡನ್ನೂ ಒಂದಾಗಿ ಸೇರಿಸಿದನು. ನೀರಿನಂಚಿನಲ್ಲಿ ನಿಂತವನಿಗೆ ಎದುರಿನ ಮನೆಗಳು ಗೋಪುರವನ್ನು ಇನ್ನಷ್ಟು ಮರೆಮಾಡಬೇಕಾಗಿತ್ತು. ಬೆಳಕು ಸರಳರೇಖೆಯಲ್ಲಿ ಚಲಿಸುವುದೆಂಬ ನಿಯಮದಿಂದ ವಿದ್ಯಾರ್ಥಿಗಳೇ ಇದನ್ನು ಗೆರೆ ಎಳೆದು ತಿಳಿಯಬಹುದು.

ಕಲ್ಕತ್ತ ಮತ್ತು ರಾಳದ ಧೂಳು

ಗೆರೆಗಳಿಂದ ಗೋಡೆ ಕಂಬಗಳನ್ನು ತೋರಿಸಬಹುದು. ಆದರೆ ಮೋಡ, ನೀರು, ಸುಣ್ಣದ ಗೋಡೆಯ ಮೇಲಿನ ನೆರಳು ಇವುಗಳಿಗೆ ಒಂದೇಸಮನಾದ ಛಾಯೆ ಬೇಕು. ಇದಕ್ಕಾಗಿ 1760ರ ದಶಕದಲ್ಲಿ ಫ್ರಾನ್ಸಿನಲ್ಲಿ ಬೆಳೆದ ಆಕ್ವಟಿಂಟ್ ಎಂಬ ಕ್ರಮವು ಕೆಲವೇ ವರ್ಷಗಳಲ್ಲಿ ನಮ್ಮ ದೇಶಕ್ಕೂ ಬಂದಿತು. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಎಂಬ ಇಂಗ್ಲಿಷ್ ಚಿತ್ರಕಾರರು 1786ರಿಂದ 1788ರವರೆಗೆ ಕಲ್ಕತ್ತದಲ್ಲಿಯೇ ಆ ನಗರದ ಹನ್ನೆರಡು ದೃಶ್ಯಗಳನ್ನು ಮುದ್ರಿಸಿದರು. ಒಂದರಲ್ಲಿ ಹಳೆಯ ನ್ಯಾಯಾಲಯದ ಕಟ್ಟಡವೂ ರೈಟರ್ಸ್ ಬಿಲ್ಡಿಂಗೂ ಒಟ್ಟಿಗೆ ಕಾಣುತ್ತವೆ. ನ್ಯಾಯಾಲಯವನ್ನು 1792ರಲ್ಲಿ ಕೆಡವಿದರು. ರೈಟರ್ಸ್ ಬಿಲ್ಡಿಂಗ್ ಬಹಳ ಮಾರ್ಪಾಡುಗಳೊಡನೆ ಇಂದಿಗೂ ನಿಂತಿದೆ. ಕನ್ನಡನಾಡಿನ ಕೋಟೆ ಕೊತ್ತಲಗಳಿಗೂ ಇಂಥ ಸಾಕ್ಷ್ಯವುಂಟು: ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನ ಮೈಸೂರು ಸೀಮೆಯ ದೃಶ್ಯಗಳು ತಾಮ್ರದ ತಗಡಿನಿಂದ ಅಚ್ಚಾಗಿ 1794ರಲ್ಲಿ ಹೊರಬಂದುವು, ಅವುಗಳಲ್ಲಿ ಬೆಂಗಳೂರಿನ ನೋಟಗಳೂ ಸೇರಿವೆ.

ಆಕ್ವಟಿಂಟಿನ ಮರ್ಮವು ಧೂಳಿನಲ್ಲಿದೆ. ಮುಚ್ಚಿದ ಪೆಟ್ಟಿಗೆಯೊಳಗೆ ರಾಳದ ನುಣ್ಣನೆಯ ಪುಡಿಯನ್ನು ಎಬ್ಬಿಸಿ, ತಾಮ್ರದ ತಗಡನ್ನು ಒಳಗಿಟ್ಟರೆ, ಕಣಗಳು ಅದರ ಮೇಲೆ ಇಳಿದು ಕೂರುತ್ತವೆ. ತಗಡನ್ನು ಕಾಯಿಸಿದಾಗ ಪ್ರತಿಯೊಂದು ಕಣವೂ ಕರಗಿ ಹನಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲವು ಹನಿಗಳ ನಡುವಣ ಸಂದುಗಳನ್ನು ಮಾತ್ರ ತಿನ್ನುವುದರಿಂದ ಎಣಿಸಲಾರದಷ್ಟು ಸಣ್ಣ ಹಳ್ಳಗಳುಂಟಾಗಿ, ಅವುಗಳಲ್ಲಿ ನಿಂತ ಮಸಿಯು ದೂರದಿಂದ ಒಂದೇ ಬೂದುಬಣ್ಣವಾಗಿ ತೋರುತ್ತದೆ. ನಯವಾದ ಛಾಯೆ ಬೇಕಾದರೆ ಪುಡಿಯನ್ನು ಎಬ್ಬಿಸಿದ ಬಳಿಕ ಸ್ವಲ್ಪ ಹೊತ್ತು ತಡೆದು ತಗಡನ್ನು ಇಡಬೇಕು. ಇದಕ್ಕೆ ಕಾರಣವು ಸ್ಟೋಕ್ಸನ ನಿಯಮದಲ್ಲಿದೆ. ಗಾಳಿಯಲ್ಲಿ ಬೀಳುವ ಸಣ್ಣ ಗೋಳದ ಅಂತಿಮ ವೇಗವು ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎರಡರಷ್ಟು ತ್ರಿಜ್ಯದ ಕಣವು ನಾಲ್ಕರಷ್ಟು ವೇಗದಿಂದ ಬಿದ್ದು ಮೊದಲೇ ತಳಸೇರುತ್ತದೆ. ತಡವಾಗಿ ಬೀಳುವ ಕಣಗಳೆಲ್ಲ ಸಣ್ಣವು.

ತಾಮ್ರದ ಸವೆತ

ಈಗ ಮಿತಿಯ ಪ್ರಶ್ನೆಗೆ ಬರೋಣ. ಒಂದೊಂದು ಪ್ರತಿಗೂ ತಗಡನ್ನು ಮಸಿಯಿಂದ ತುಂಬಬೇಕು, ಒರಸಬೇಕು, ಉರುಳೆಗಳ ಕೆಳಗೆ ಒತ್ತಬೇಕು. ಮಸಿಯಲ್ಲಿ ನುಣ್ಣಗೆ ಅರೆದ ಘನಕಣಗಳಿರುತ್ತವೆ. ತಾಮ್ರವೋ ಮೃದುವಾದ ಲೋಹ; ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾನದಲ್ಲಿ ಅದರ ಅಂಕ ಸುಮಾರು 3. ಹೀಗಾಗಿ ಪ್ರತಿಯೊಂದು ಮುದ್ರಣದಲ್ಲಿಯೂ ಮೇಲ್ಮೈಯು ಅತ್ಯಲ್ಪವಾಗಿ ಸವೆಯುತ್ತ ಬರುವುದು.

ಸವೆತದ ಫಲವು ಎಲ್ಲ ಗೆರೆಗಳ ಮೇಲೂ ಒಂದೇ ಆಗಿರುವುದಿಲ್ಲ. ಆಕಾಶದ ಗೆರೆಯ ಆಳ 0.02 ಮಿಲಿಮೀಟರ್, ಕಂಬದ ಗೆರೆಯ ಆಳ 0.10 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಮೇಲ್ಮೈಯಿಂದ 0.01 ಮಿಲಿಮೀಟರ್ ಸವೆದರೆ ಕಂಬದ ಗೆರೆಯು ತನ್ನ ಆಳದಲ್ಲಿ ಹತ್ತನೆಯ ಒಂದು ಭಾಗವನ್ನು ಮಾತ್ರ ಕಳೆದುಕೊಂಡರೆ, ಆಕಾಶದ ಗೆರೆಯು ಅರ್ಧವನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಮೊದಲು ಮಾಸುವುವು ಮೋಡಗಳು, ಬಳಿಕ ದೂರದ ಗೋಪುರಗಳು. ಕೊನೆಗೆ ಹತ್ತಿರದ ಕಟ್ಟಡದ ಕಪ್ಪುಗೆರೆಗಳು ಮಾತ್ರ ಉಳಿಯುತ್ತವೆ. ಮೊದಲ ಪ್ರತಿಗಳಿಗೆ ಬೆಲೆ ಹೆಚ್ಚೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ಎಚಿಂಗ್ ಮಾಡಿದ ತಾಮ್ರದ ತಗಡಿನಿಂದ ಸಾಮಾನ್ಯವಾಗಿ ಕೆಲವು ನೂರು ಒಳ್ಳೆಯ ಪ್ರತಿಗಳು ದೊರೆಯುವುವು. ಆಮ್ಲವಿಲ್ಲದೆ, ಸೂಜಿಯಿಂದಲೇ ನೇರವಾಗಿ ತಾಮ್ರವನ್ನು ಗೀರುವ ಡ್ರೈಪಾಯಿಂಟ್ ಎಂಬ ಕ್ರಮದಲ್ಲಿ ಪ್ರತಿಗಳು ಇನ್ನೂ ಕಡಮೆ. ಅಲ್ಲಿ ಗೆರೆಯ ಪಕ್ಕದಲ್ಲಿ ಎದ್ದುನಿಂತ ಲೋಹದ ಒರಟು ಅಂಚು ಮಸಿಯನ್ನು ಹಿಡಿದು ಮಖಮಲ್ಲಿನಂಥ ಕಪ್ಪನ್ನು ಕೊಡುವುದು. ಆ ಅಂಚು ಕೆಲವು ಡಜನ್ ಮುದ್ರಣಗಳಲ್ಲಿಯೇ ಚಪ್ಪಟೆಯಾಗಿಬಿಡುವುದು. ಮಿತಪ್ರತಿ ಎಂಬುದು ಮೊದಲು ಯಾರ ನಿರ್ಧಾರವೂ ಆಗಿರಲಿಲ್ಲ; ಅದು ಲೋಹದ ಸ್ವಭಾವವಾಗಿತ್ತು.

ಕಬ್ಬಿಣದ ಕವಚ

1850ರ ದಶಕದ ಕೊನೆಯ ಭಾಗದಲ್ಲಿ ಫ್ರಾನ್ಸಿನಲ್ಲಿ ಈ ಸ್ಥಿತಿಯು ಬದಲಾಯಿತು. ಸಿದ್ಧವಾದ ತಾಮ್ರದ ತಗಡನ್ನು ಕಬ್ಬಿಣದ ಲವಣದ ದ್ರಾವಣದಲ್ಲಿಟ್ಟು, ಅದನ್ನು ಋಣಧ್ರುವವಾಗಿ ಮಾಡಿ ವಿದ್ಯುತ್ತನ್ನು ಹರಿಸಿದರೆ, ಅದರ ಮೇಲೆ ಕಬ್ಬಿಣದ ಅತಿ ತೆಳುವಾದ ಪೊರೆಯು ಕೂಡುವುದು. ಹೀಗೆ ಕೂಡಿದ ಕಬ್ಬಿಣವು ಬಹಳ ಗಡಸು. ಆದ್ದರಿಂದ ಈ ಕ್ರಮಕ್ಕೆ ಉಕ್ಕಿನ ಲೇಪವೆಂದೇ ಹೆಸರು ಬಂದಿತು.

ಈ ಪೊರೆಯು ಚಿತ್ರದ ಗೆರೆಗಳನ್ನು ಮುಚ್ಚಿಬಿಡುವುದಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಫ್ಯಾರಡೆಯ ನಿಯಮದಿಂದ ಲೆಕ್ಕಹಾಕಿ ನೋಡೋಣ. ತಗಡಿನ ವಿಸ್ತಾರ 500 ಚದರ ಸೆಂಟಿಮೀಟರ್, ಪೊರೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ ಇರಲಿ. ಆಗ ಪೊರೆಯ ಗಾತ್ರ 0.1 ಘನ ಸೆಂಟಿಮೀಟರ್. ಕಬ್ಬಿಣದ ಸಾಂದ್ರತೆ 7.87 ಆದುದರಿಂದ ಅದರ ತೂಕ ಸುಮಾರು 0.79 ಗ್ರಾಂ. ಈ ಲವಣದಲ್ಲಿ ಕಬ್ಬಿಣದ ವೇಲೆನ್ಸಿಯು 2, ಆದ್ದರಿಂದ 27.9 ಗ್ರಾಂ ಕಬ್ಬಿಣವನ್ನು ನಿಕ್ಷೇಪಿಸಲು 96,500 ಕೂಲಂಬ್ ವಿದ್ಯುತ್ತು ಬೇಕು. ನಮ್ಮ ಪೊರೆಗೆ ಸುಮಾರು 2,720 ಕೂಲಂಬ್ ಸಾಕು. ಎರಡು ಆಂಪಿಯರ್ ಪ್ರವಾಹವನ್ನು ಹರಿಸಿದರೆ ಇದು 23 ನಿಮಿಷಗಳ ಕೆಲಸ. ಹೀಗೆ ಒಂದು ಗ್ರಾಮಿಗಿಂತಲೂ ಕಡಮೆಯ ಕಬ್ಬಿಣವು, 0.02 ಮಿಲಿಮೀಟರ್ ಆಳದ ನಸುಗೆರೆಯನ್ನೂ ಮುಚ್ಚದೆ, ಇಡೀ ತಗಡಿಗೆ ಕವಚವಾಗುವುದು.

ಇದರಲ್ಲಿ ಇನ್ನೂ ಒಂದು ಅನುಕೂಲವುಂಟು. ಕಬ್ಬಿಣವು ಸವೆದಾಗ ಕೆಳಗಿನ ತಾಮ್ರದ ಕೆಂಪು ಇಣುಕುವುದು, ಅದೇ ಎಚ್ಚರಿಕೆ. ದುರ್ಬಲ ಗಂಧಕಾಮ್ಲದಲ್ಲಿ ಕಬ್ಬಿಣವು ಕರಗುತ್ತದೆ, ತಾಮ್ರವು ಕರಗದು. ಹಳೆಯ ಪೊರೆಯನ್ನು ಹೀಗೆ ತೆಗೆದು ಹೊಸದನ್ನು ಕೂಡಿಸಿದರೆ ತಗಡು ಮತ್ತೆ ಮುದ್ರಣಕ್ಕೆ ಸಿದ್ಧ. ನೂರರ ಎಡೆಯಲ್ಲಿ ಸಾವಿರಗಟ್ಟಲೆ ಪ್ರತಿಗಳು ಸಾಧ್ಯವಾದುವು. ಲೋಹವು ಹೇಳುತ್ತಿದ್ದ ‘ಸಾಕು’ ಎಂಬ ಮಾತು ನಿಂತುಹೋಯಿತು.

ವೆನಿಸ್ ಮತ್ತು ಸಂಖ್ಯೆಯ ವಚನ

ಲೋಹವು ಮಿತಿ ಹಾಕದಿದ್ದಾಗ ಮನುಷ್ಯನು ಹಾಕಿಕೊಂಡ ಮಿತಿಗೆ ಜೇಮ್ಸ್ ವಿಸ್ಲರನ ವೆನಿಸ್ ಚಿತ್ರಗಳು ಒಳ್ಳೆಯ ನಿದರ್ಶನ. ವಿಮರ್ಶಕನಾದ ರಸ್ಕಿನ್ನನ ಮೇಲೆ ಹೂಡಿದ ಮಾನನಷ್ಟದ ಮೊಕದ್ದಮೆಯನ್ನು 1878ರಲ್ಲಿ ಗೆದ್ದ ಈ ಚಿತ್ರಕಾರನಿಗೆ ದೊರೆತ ಪರಿಹಾರ ಒಂದೇ ಫಾರ್ದಿಂಗ್. ಮರುವರ್ಷ ಅವನು ದಿವಾಳಿಯಾದನು. ಆಗ ಲಂಡನ್ನಿನ ಫೈನ್ ಆರ್ಟ್ ಸೊಸೈಟಿಯವರು ವೆನಿಸಿನ ಹನ್ನೆರಡು ಎಚಿಂಗುಗಳನ್ನು ಮಾಡಿಕೊಡಲು ಅವನನ್ನು ಅಲ್ಲಿಗೆ ಕಳುಹಿಸಿದರು. ಹನ್ನೆರಡು ಚಿತ್ರಗಳ ಆ ಗುಚ್ಛವು 1880ರಲ್ಲಿ ಪ್ರದರ್ಶಿತವಾಯಿತು. ಪ್ರತಿಗಳ ಮಿತಿ ನೂರು. ಆ ನೂರೂ ಒಂದೇ ಬಗೆಯಾಗಿರಲಿಲ್ಲ. ವಿಸ್ಲರನು ತಗಡನ್ನು ಪೂರ್ಣವಾಗಿ ಒರಸದೆ ಮಸಿಯ ತೆಳುಪೊರೆಯನ್ನು ಬೇಕೆಂದೇ ಬಿಡುತ್ತಿದ್ದನು. ಅದರಿಂದ ಒಂದು ಪ್ರತಿಯಲ್ಲಿ ಸಂಜೆಯಂತೆ ಕಾಣುವ ಕಾಲುವೆ ಇನ್ನೊಂದರಲ್ಲಿ ರಾತ್ರಿಯಂತೆ ಕಾಣುವುದು.

ಈ ಚಿತ್ರಗಳನ್ನು ಹಿಡಿದು ವೆನಿಸಿಗೆ ಹೋದವರಿಗೆ ಒಂದು ವಿಚಿತ್ರ ಎದುರಾಗುತ್ತದೆ: ಎಡಗಡೆ ಇರಬೇಕಾದ ಮಂದಿರವು ಚಿತ್ರದಲ್ಲಿ ಬಲಗಡೆ ಇದೆ. ತಗಡು ಮತ್ತು ಕಾಗದ ಎದುರುಬದುರಾಗಿ ಕೂಡುವುದರಿಂದ, ರಬ್ಬರಿನ ಮೊಹರಿನಲ್ಲಿ ಆಗುವಂತೆ, ಎಡಬಲಗಳು ಅದಲುಬದಲಾಗುತ್ತವೆ. ಸ್ಥಳವರ್ಣನೆಯೇ ಉದ್ದೇಶವಾದ ಚಿತ್ರಕಾರರು ತಗಡಿನ ಮೇಲೆ ತಿರುವುಮುರುವಾಗಿ ಬರೆದು ಇದನ್ನು ಸರಿಪಡಿಸಿಕೊಳ್ಳುವರು. ವಿಸ್ಲರನು ದೃಶ್ಯದ ಎದುರಿಗೇ ನಿಂತು ತಗಡಿನ ಮೇಲೆ ಕಂಡಂತೆಯೇ ಬರೆದನು. ಅವನ ವೆನಿಸನ್ನು ನಿಜವಾಗಿ ಕಾಣಬೇಕಾದರೆ ಚಿತ್ರವನ್ನು ಕನ್ನಡಿಗೆ ಹಿಡಿಯಬೇಕು.

ನೂರೆಂದು ಹೇಳಿ ನೂರೊಂದನೆಯದನ್ನು ತೆಗೆಯದಿರುವುದಕ್ಕೆ ಏನು ಭದ್ರತೆ? ಇದಕ್ಕಾಗಿ ತಗಡನ್ನು ರದ್ದುಮಾಡುವ ಪದ್ಧತಿ ಬೆಳೆಯಿತು. ಕೊನೆಯ ಪ್ರತಿಯನ್ನು ತೆಗೆದ ಬಳಿಕ ಚಿತ್ರದ ಮೇಲೆ ಅಡ್ಡಗೆರೆಗಳನ್ನು ಆಳವಾಗಿ ಗೀರಿಬಿಡುವರು. ಕೆಲವೊಮ್ಮೆ ಗೀರಿದ ತಗಡಿನಿಂದಲೂ ಒಂದು ಪ್ರತಿಯನ್ನು ತೆಗೆದು ಸಾಕ್ಷ್ಯವಾಗಿ ಇಡುವರು. ಪ್ರತಿಗೆ ಭಿನ್ನರಾಶಿಯ ಸಂಖ್ಯೆಯನ್ನು ಬರೆದು ಸಹಿಹಾಕುವುದು 20ನೆಯ ಶತಮಾನದಲ್ಲಿ ರೂಢಿಯಾಯಿತು. 7/50 ಎಂಬುದು ಏಳನೆಯದಾಗಿ ಮುದ್ರಿತವಾದುದೆಂದು ನಿಶ್ಚಯವಾಗಿ ಸೂಚಿಸುವುದಿಲ್ಲ; ಒಣಗಿದ ಹಾಳೆಗಳ ಕಂತೆಗೆ ಒಟ್ಟಿಗೆ ಸಂಖ್ಯೆ ಬರೆಯುವುದುಂಟು. ಅದರಲ್ಲಿ ಮುಖ್ಯವಾದುದು ಗೆರೆಯ ಕೆಳಗಿನ 50.

ಮಸೂರದಿಂದ ಪರೀಕ್ಷೆ

ಇಂದು ಹಳೆಯ ಕಟ್ಟಡಗಳ ಚಿತ್ರಗಳನ್ನು ಗಣಕಯಂತ್ರದ ಕಡತದಿಂದ ಶಾಯಿ ಸಿಡಿಸುವ ಯಂತ್ರದಲ್ಲಿ ಮುದ್ರಿಸಿ, ಅವಕ್ಕೂ 7/50 ಎಂದು ಬರೆದು ಮಾರುವುದುಂಟು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಭೇದವನ್ನು ಅರಿತಿರಬೇಕು. ಕಡತವು ಸವೆಯುವುದಿಲ್ಲ. ಸಾವಿರದ ಪ್ರತಿಯೂ ಮೊದಲನೆಯದರಂತೆಯೇ ಇರುವುದು. ಇಲ್ಲಿ ಮಿತಿಯು ಸಂಪೂರ್ಣವಾಗಿ ಮಾತಿನ ಮೇಲೆ ನಿಂತಿದೆ. ಅದೇ ಚಿತ್ರವನ್ನು ಬೇರೆ ಅಳತೆಯಲ್ಲಿ ಇನ್ನೈವತ್ತು ತೆಗೆದರೆ ಕೊಂಡವನಿಗೆ ತಿಳಿಯುವುದೂ ಇಲ್ಲ.

ಭೇದವನ್ನು ಕಾಣಲು ಹತ್ತರಷ್ಟು ದೊಡ್ಡದಾಗಿ ತೋರಿಸುವ ಕೈಮಸೂರವೊಂದು ಸಾಕು. ಪತ್ರಿಕೆ ಪುಸ್ತಕಗಳ ವರ್ಣಚಿತ್ರಗಳು ನೀಲಿ, ಕೆನ್ನೀಲಿಗೆಂಪು, ಹಳದಿ, ಕಪ್ಪು ಚುಕ್ಕೆಗಳಿಂದ ಆದವು. ಇಂಚಿಗೆ 150 ಸಾಲುಗಳಿದ್ದರೆ ಚುಕ್ಕೆಗಳ ಅಂತರ ಸುಮಾರು 0.17 ಮಿಲಿಮೀಟರ್. ಕಣ್ಣು ಬೇರ್ಪಡಿಸಬಲ್ಲ ಕನಿಷ್ಠ ಕೋನವು ಸುಮಾರು ಒಂದು ಕಲೆ, ಅಂದರೆ ಒಂದು ಡಿಗ್ರಿಯ 60ನೆಯ ಒಂದು ಭಾಗ. 60 ಸೆಂಟಿಮೀಟರ್ ದೂರದಲ್ಲಿ ಇದು 0.17 ಮಿಲಿಮೀಟರಿಗೆ ಸಮ. ಆದ್ದರಿಂದ ಅದಕ್ಕಿಂತ ದೂರದಿಂದ ಚುಕ್ಕೆಗಳು ಕಾಣದೆ ಬಣ್ಣವೊಂದೇ ಕಾಣುವುದು. ಮಸೂರದ ಕೆಳಗೆ ಚುಕ್ಕೆಗಳ ಸಾಲು ಸ್ಪಷ್ಟವಾಗಿ ಹೊರಬೀಳುವುದು. ಶಾಯಿ ಸಿಡಿಸಿದ ಮುದ್ರಣದಲ್ಲಿ ಚುಕ್ಕೆಗಳು ಸಾಲುಗಟ್ಟದೆ ತುಂತುರಿನಂತೆ ಹರಡಿರುತ್ತವೆ. ನಿಜವಾದ ಎಚಿಂಗಿನಲ್ಲಿ ಗೆರೆಯು ಅಖಂಡವಾಗಿದ್ದು, ಓರೆಬೆಳಕಿನಲ್ಲಿ ಉಬ್ಬಾಗಿ ಕಾಣುವುದು.

ಉಬ್ಬುಗೆರೆಯನ್ನು ನೋಡಲು ಚಿತ್ರಶಾಲೆಗೇ ಹೋಗಬೇಕಾಗಿಲ್ಲ. ನೂರು ರೂಪಾಯಿಯ ಮತ್ತು ಅದಕ್ಕೆ ಮೇಲ್ಪಟ್ಟ ನೋಟುಗಳಲ್ಲಿ ಗಾಂಧೀಜಿಯವರ ಮುಖ, ಅಶೋಕಸ್ತಂಭ ಮೊದಲಾದವು ಇದೇ ತತ್ತ್ವದಿಂದ, ಕೊರೆದ ಗೆರೆಯ ಮಸಿಯನ್ನು ಕಾಗದಕ್ಕೆ ಎತ್ತಿಸಿ, ಮುದ್ರಿತವಾಗಿರುತ್ತವೆ. ಹೊಸ ನೋಟಿನ ಮೇಲೆ ಬೆರಳಾಡಿಸಿದರೆ ಅವು ತಾಗುತ್ತವೆ. ಮೈಸೂರಿನ ನೋಟು ಮುದ್ರಣಾಲಯವೂ ಈ ಪ್ರಾಚೀನ ವಿದ್ಯೆಯ ಒಂದು ಆಧುನಿಕ ನೆಲೆ. ಅಲ್ಲಿಯೂ ಕಾಗದಕ್ಕೆ ಬೆಲೆ ಬಂದಿರುವುದು ಅದರ ಮೇಲಿನ ವಚನದಿಂದ, ಮತ್ತು ಆ ವಚನವನ್ನು ಯಾರೂ ಮೀರುವುದಿಲ್ಲವೆಂಬ ನಂಬಿಕೆಯಿಂದ.

ಆದುದರಿಂದ ಇಂಥ ಚಿತ್ರವೊಂದನ್ನು ನೋಡುವಾಗ ಅಥವಾ ಕೊಳ್ಳುವಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಇದು ಯಾವ ಕ್ರಮದಿಂದ ಆಯಿತು? ಪ್ರತಿಗಳು ಮುಗಿದ ಬಳಿಕ ತಗಡನ್ನಾಗಲಿ ಕಡತವನ್ನಾಗಲಿ ಏನು ಮಾಡಿದರು? ಕಟ್ಟಡವನ್ನು ಚಿತ್ರಕಾರನು ಎಲ್ಲಿ ನಿಂತು ನೋಡಿದನು? ಮೊದಲನೆಯದಕ್ಕೆ ಮಸೂರವು ಉತ್ತರ ಕೊಡುವುದು. ಮೂರನೆಯದಕ್ಕೆ ರೇಖಾಗಣಿತವು ಉತ್ತರ ಕೊಡುವುದು. ಎರಡನೆಯದಕ್ಕೆ ಮಾತ್ರ ಯಾವ ಉಪಕರಣವೂ ಇಲ್ಲ. ಅಲ್ಲಿ ಮಾಡಿದವನ ಪ್ರಾಮಾಣಿಕತೆಯೇ ಪ್ರಮಾಣ.